ಚಳಿಗಾಲದಲ್ಲಿ ಕೆಂಪಾಗುವ ಡಾಗ್‌ವುಡ್ ಪೊದೆ: ಗುಣಿ ತೆಗೆಯುವುದರಿಂದ ಬುಡ ಸವರುವವರೆಗೆ

ಈ ಡಾಗ್‌ವುಡ್ ಪೊದೆಯನ್ನು ನೆಡುವುದು ಹೂವಿಗಾಗಿ ಅಲ್ಲ, ಕಡ್ಡಿಗಾಗಿ. ನವೆಂಬರಿನಲ್ಲಿ ಎಲೆ ಉದುರಿದ ಮೇಲೆ ಕುಂಕುಮದ ಬಣ್ಣಕ್ಕೆ ತಿರುಗುವ ಕಡ್ಡಿಗಳು ಮಾರ್ಚ್‌ವರೆಗೂ ಹಾಗೇ ನಿಂತಿರುತ್ತವೆ. ಮಿನೆಸೋಟ, ಮಿಶಿಗನ್, ಷಿಕಾಗೊ, ಟೊರಾಂಟೊ ಕಡೆ ಮನೆ ಮಾಡಿರುವ ಕನ್ನಡಿಗರಿಗೆ ಹಿಮದ ತಿಂಗಳುಗಳಲ್ಲೂ ಅಂಗಳದಲ್ಲಿ ಬಣ್ಣ ಬೇಕೆಂದರೆ ಇದಕ್ಕಿಂತ ಸುಲಭದ ಗಿಡ ಸಿಗುವುದು ಕಷ್ಟ.

ಆದರೆ ನೆಟ್ಟು ನಾಲ್ಕೈದು ವರ್ಷವಾಗುವಷ್ಟರಲ್ಲಿ ಒಂದೇ ದೂರು ಎಲ್ಲ ಕಡೆಯಿಂದ ಕೇಳುತ್ತದೆ: ಮೊದಲಿನ ಕೆಂಪು ಈಗಿಲ್ಲ, ಗಿಡ ಮಂಕಾಗಿದೆ. ಗಿಡಕ್ಕೆ ರೋಗವೇನೂ ಬಂದಿರುವುದಿಲ್ಲ. ಕತ್ತರಿ ಹಾಕದೆ ಬಿಟ್ಟಿರುತ್ತಾರೆ, ಅಷ್ಟೇ. ಒಂದು ವರ್ಷದ ಕಡ್ಡಿ ಅಚ್ಚ ಕೆಂಪು. ಎರಡನೆಯ ವರ್ಷ ತುಸು ಮಂಕು. ಮೂರು ದಾಟಿದ ಮೇಲೆ ತೊಗಟೆ ಒರಟಾಗಿ ಕಂದು, ಬೂದು ಬಣ್ಣಕ್ಕೆ ಹೋಗುತ್ತದೆ, ಮತ್ತೆ ಕೆಂಪಾಗುವುದಿಲ್ಲ. ರಾಮನಗರ, ಕೋಲಾರದ ಕಡೆ ಹಿಪ್ಪುನೇರಳೆಯನ್ನು ಬುಡಮಟ್ಟಕ್ಕೆ ಸವರಿ ಹೊಸ ಚಿಗುರು ತೆಗೆಯುವುದನ್ನು ನೋಡಿದವರಿಗೆ ಈ ಗಿಡದ ಗುಟ್ಟು ಅರ್ಧ ಗೊತ್ತಿದ್ದಂತೆಯೇ. ಅಲ್ಲಿ ಎಲೆಗಾಗಿ ಸವರುತ್ತಾರೆ, ಇಲ್ಲಿ ಕಡ್ಡಿಯ ಬಣ್ಣಕ್ಕಾಗಿ ಸವರಬೇಕು. ಕೆಳಗೆ ಬರುವ ಎಲ್ಲ ಕೆಲಸಗಳೂ ಕೊನೆಗೆ ಇದೊಂದಕ್ಕೇ: ಪ್ರತಿವರ್ಷ ಬುಡದಿಂದ ಗಟ್ಟಿಯಾದ ಹೊಸ ಕಡ್ಡಿ ಏಳಬೇಕು.

ಯಾವ ಡಾಗ್‌ವುಡ್?

ನರ್ಸರಿಯಲ್ಲಿ ಬರೀ ಡಾಗ್‌ವುಡ್ ಎಂದು ಕೇಳಿದರೆ ವಸಂತದಲ್ಲಿ ಗುಲಾಬಿ, ಬಿಳಿ ಹೂ ಬಿಡುವ ಮರವನ್ನು ತೋರಿಸುವ ಸಾಧ್ಯತೆಯೇ ಹೆಚ್ಚು. ಅವು ಕಾರ್ನಸ್ ಫ್ಲೋರಿಡಾ, ಕಾರ್ನಸ್ ಕೌಸಾ. ಒಂದೇ ಕುಲದವು, ಆದರೆ ಆರೈಕೆ ಬೇರೆ. ಈ ಬರಹದಲ್ಲಿ ಹೇಳುವ ಬುಡ ಸವರುವ ಕ್ರಮವನ್ನು ಆ ಮರಗಳ ಮೇಲೆ ಎಂದೂ ಪ್ರಯೋಗಿಸಬೇಡಿ, ಮರವೇ ಹಾಳಾಗುತ್ತದೆ. ನಮಗೆ ಬೇಕಾದದ್ದು ಬಣ್ಣದ ಕಡ್ಡಿಯ ಪೊದೆ. ಅದರಲ್ಲಿ ಮೂರು ಜಾತಿಗಳಿವೆ.

ಕಾರ್ನಸ್ ಆಲ್ಬಾ ಸೈಬೀರಿಯ, ಉತ್ತರ ಚೀನಾ, ಕೊರಿಯಾದ ಗಿಡ. ಇದರ ಸಿಬಿರಿಕಾ ತಳಿಯದು ಹವಳಗೆಂಪು ಕಡ್ಡಿ. ಎಲೆಗಾನ್ಟಿಸಿಮಾ ತಳಿಗೆ ಎಲೆಯಂಚಿನಲ್ಲಿ ಬಿಳಿ ಪಟ್ಟಿ ಇರುವುದರಿಂದ ಬೇಸಿಗೆಯಲ್ಲೂ ನೋಡಲು ಚೆಂದ. ಅದನ್ನೇ ಸಣ್ಣ ಅಂಗಳಕ್ಕೆ ಇಳಿಸಿದಂತಿರುವುದು ಐವರಿ ಹೇಲೋ, ಸುಮಾರು 5 ಅಡಿಗೆ ನಿಲ್ಲುತ್ತದೆ. ಸ್ಪೇಥಿಯೈ ತಳಿಯ ಎಲೆಯಂಚು ಹಳದಿ. ಕೆಸೆಲ್ರಿಂಗಿಯೈ ತಳಿಯ ಕಡ್ಡಿ ಕಪ್ಪು ನೇರಳೆ, ಹಿಮದ ಬಿಳುಪಿನ ಮೇಲೆ ಎದ್ದು ಕಾಣುತ್ತದೆ.

ಕಾರ್ನಸ್ ಸೆರಿಸಿಯಾ ಉತ್ತರ ಅಮೆರಿಕದ್ದೇ ಗಿಡ. ತೊರೆಯ ದಂಡೆ, ಜೌಗು ನೆಲದಲ್ಲಿ ತಾನಾಗಿ ಬೆಳೆಯುತ್ತದೆ. ರೆಡ್ ಓಸಿಯರ್, ರೆಡ್ ಟ್ವಿಗ್ ಎಂದು ಕರೆಯುವುದು ಇದನ್ನೇ. ಕಾರ್ಡಿನಲ್ ತಳಿಯದು ಕೆಂಪು, ಫ್ಲಾವಿರಾಮಿಯಾ ತಳಿಯದು ಹಳದಿ. ಆರ್ಕ್ಟಿಕ್ ಫೈರ್ 3-4 ಅಡಿಯ ಗಿಡ್ಡ ತಳಿ. ಕೆಲ್ಸಿಯೈ ಇನ್ನೂ ಗಿಡ್ಡ, ಎರಡೂವರೆ ಅಡಿ ದಾಟುವುದು ಅಪರೂಪ. ಆದರೆ ಅದಕ್ಕೆ ಎಲೆಚುಕ್ಕೆ ರೋಗ ಬೇಗ ತಗಲುತ್ತದೆ, ಬಣ್ಣವೂ ಸಪ್ಪೆ. ಗಿಡ್ಡ ತಳಿಯೇ ಬೇಕೆಂದರೆ ಆರ್ಕ್ಟಿಕ್ ಫೈರ್ ಒಳ್ಳೆಯದು.

ಕಾರ್ನಸ್ ಸ್ಯಾಂಗ್ವಿನಿಯಾ ಯುರೋಪಿನದು. ಇದರ ಮಿಡ್‌ವಿಂಟರ್ ಫೈರ್ ತಳಿಯಲ್ಲಿ ಕಡ್ಡಿಯ ಬುಡ ಹಳದಿ, ನಡುವೆ ಕಿತ್ತಳೆ, ತುದಿ ಕೆಂಪು. ಬ್ರಿಟನ್ನಿನ ತೋಟಗಳಲ್ಲಿ ಇದು ಬಹಳ ಜನಪ್ರಿಯ. ಬುಡದಿಂದ ಬೇರುಸಸಿಗಳನ್ನು ಎಬ್ಬಿಸುತ್ತ ಹಬ್ಬುವ ಗುಣ ಇದಕ್ಕೆ ಜಾಸ್ತಿ.

ಜಾಗವಿದ್ದರೆ ಒಂದು ಕಾರ್ಡಿನಲ್, ಒಂದು ಫ್ಲಾವಿರಾಮಿಯಾ ಒಟ್ಟಿಗೆ ನೆಡಿ. ರಾಜ್ಯೋತ್ಸವದ ಆಸುಪಾಸಿನಲ್ಲಿ ಎಲೆ ಉದುರಿ ಅಂಗಳದಲ್ಲಿ ಅರಿಶಿನ-ಕುಂಕುಮದ ಬಾವುಟ ಕಾಣುತ್ತದೆ.

ಕೊಂಡದ್ದು ಡಾಗ್‌ವುಡ್ ಹೌದೋ ಅಲ್ಲವೋ ಎಂಬ ಅನುಮಾನವಿದ್ದರೆ ಒಂದು ಎಲೆ ಕಿತ್ತು ಪರೀಕ್ಷಿಸಬಹುದು. ಎಲೆಯನ್ನು ಅಡ್ಡಕ್ಕೆ ನಿಧಾನವಾಗಿ ಹರಿದು ಎರಡು ತುಂಡನ್ನೂ ಕಾಲು ಇಂಚು ದೂರ ಎಳೆಯಿರಿ. ನರಗಳೊಳಗಿಂದ ಜೇಡರ ಬಲೆಯಂಥ ಸಣ್ಣ ಬಿಳಿ ಎಳೆಗಳು ಹೊರಬರುತ್ತವೆ, ಕೆಳಗಿನ ತುಂಡು ಆ ಎಳೆಗಳಿಗೆ ಜೋತು ತೂಗಾಡುತ್ತದೆ. ಕಡ್ಡಿಯಲ್ಲಿ ಮೊಗ್ಗುಗಳು ಎದುರುಬದುರಾಗಿ ಜೋಡಿಯಾಗಿ ಕೂತಿರುತ್ತವೆ. ಈ ಎರಡು ಗುರುತು ಸಿಕ್ಕರೆ ಸಾಕು.

ಹವೆ

ಆಲ್ಬಾ ಮತ್ತು ಸೆರಿಸಿಯಾ ಅಮೆರಿಕದ ಕೃಷಿ ಇಲಾಖೆಯ ವಲಯ 3ರಿಂದ 7ರವರೆಗೆ ಚೆನ್ನಾಗಿ ಬರುತ್ತವೆ. ವಲಯ 3 ಎಂದರೆ ಚಳಿಗಾಲದಲ್ಲಿ ಮೈನಸ್ 34ರಿಂದ ಮೈನಸ್ 40 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವ ಪ್ರದೇಶ. ಸ್ಯಾಂಗ್ವಿನಿಯಾ ಅಷ್ಟು ಗಟ್ಟಿಯಲ್ಲ, ಅದನ್ನು ವಲಯ 5ರಿಂದ 7ಕ್ಕೆ ಇಟ್ಟುಕೊಳ್ಳಿ. ಈ ಗಿಡಗಳು ಚಳಿಗೆ ಹೆದರುವುದಿಲ್ಲ, ಹೆದರುವುದು ಸೆಕೆಗೆ. ಹ್ಯೂಸ್ಟನ್, ಅಟ್ಲಾಂಟಾದಂಥ ಕಡೆ ರಾತ್ರಿಯೂ ಆರದ ಬಿಸಿ, ಮೇಲೆ ತೇವ. ಅಲ್ಲಿ ಕಡ್ಡಿಗಳಿಗೆ ಹುಣ್ಣು ಹತ್ತುತ್ತದೆ, ಬಣ್ಣವೂ ಏರುವುದಿಲ್ಲ.

ಊರಿಗೆ ಹೋಗುವಾಗ ನಾಲ್ಕು ಕಡ್ಡಿ ತೆಗೆದುಕೊಂಡು ಹೋಗಬಹುದೇ ಎಂದು ಕೇಳುವವರಿದ್ದಾರೆ. ಆಮದು ಪರವಾನಗಿ ಮತ್ತು ಸಸ್ಯಾರೋಗ್ಯ ಪ್ರಮಾಣಪತ್ರ ಇಲ್ಲದೆ ಗಿಡ, ಕಡ್ಡಿಗಳನ್ನು ಭಾರತಕ್ಕೆ ಒಯ್ಯುವಂತಿಲ್ಲ. ಒಯ್ದರೂ ಬೆಂಗಳೂರಿನಲ್ಲಿ ಈ ಗಿಡ ಮಲಗಿ ಏಳುವಷ್ಟು ಚಳಿ ಬೀಳುವುದಿಲ್ಲ. ಅಲ್ಲಿನ ಅಂಗಳದ ಬಣ್ಣಕ್ಕೆ ಮುಸ್ಸಂಡ, ಕ್ರೋಟನ್ ಇವೆ.

ಜಾಗ ಮತ್ತು ನೆಲ

ಕಡ್ಡಿಗೆ ಬಣ್ಣ ಕೊಡುವುದು ಆಂಥೋಸಯನಿನ್ ಎಂಬ ವರ್ಣದ್ರವ್ಯ. ಶರತ್ಕಾಲದ ಬಿಸಿಲು ಮತ್ತು ತಣ್ಣನೆಯ ರಾತ್ರಿ ಎರಡೂ ಸೇರಿದಾಗ ಅದು ತೊಗಟೆಯಲ್ಲಿ ತುಂಬುತ್ತದೆ. ನೆರಳಿನಲ್ಲಿ ಗಿಡ ಸಾಯುವುದಿಲ್ಲ, ಆದರೆ ಕಡ್ಡಿ ಹಸಿರು ಮಿಶ್ರಿತ ಕಂದಾಗಿಯೇ ಉಳಿಯುತ್ತದೆ. ದಿನಕ್ಕೆ 6 ಗಂಟೆ ಬಿಸಿಲು ಬೀಳುವ ಜಾಗ ಹುಡುಕಿ. ಬಿಳಿ ಅಥವಾ ಹಳದಿ ಅಂಚಿನ ಎಲೆಯ ತಳಿಗಳು ಮಾತ್ರ ಜುಲೈ, ಆಗಸ್ಟಿನ ಮಧ್ಯಾಹ್ನದ ಬಿಸಿಲಿಗೆ ಅಂಚು ಸುಟ್ಟುಕೊಳ್ಳುತ್ತವೆ, ಅವುಗಳಿಗೆ ಬೆಳಗಿನ ಬಿಸಿಲು, ಮಧ್ಯಾಹ್ನದ ಮೇಲೆ ತೆಳು ನೆರಳು ಬೇಕು.

ನೆಲದ ವಿಷಯದಲ್ಲಿ ಇದು ತಕರಾರು ಮಾಡದ ಗಿಡ. ಜಿಗುಟು ಮಣ್ಣು, ಮಳೆನೀರು ನಿಲ್ಲುವ ತಗ್ಗು, ಸೂರಿನ ನೀರು ಬಂದು ಬೀಳುವ ಮೂಲೆ, ಬೇರೆ ಗಿಡ ಕೊಳೆಯುವ ಜಾಗದಲ್ಲೂ ಇದು ಬರುತ್ತದೆ. ಮರಳು ಮಣ್ಣೇ ಇದಕ್ಕೆ ಕಷ್ಟ. ಅಂಥ ನೆಲಕ್ಕೆ ಗುಣಿಯೊಂದಕ್ಕೇ ಅಲ್ಲದೆ ಸುತ್ತಲಿನ ಮೂರು ನಾಲ್ಕು ಅಡಿಗೂ 2-3 ಇಂಚು ಕಾಂಪೋಸ್ಟ್ ಹರಡಿ ಮಣ್ಣಿಗೆ ಬೆರೆಸಿ.

ಅಡುಗೆಮನೆ ಅಥವಾ ಕೂರುವ ಕೋಣೆಯ ಕಿಟಕಿಯಿಂದ ಕಾಣುವಂತೆ ನೆಡಬೇಕು. ಜನವರಿಯಲ್ಲಿ ಯಾರೂ ಅಂಗಳ ಸುತ್ತಿ ಗಿಡ ನೋಡುವುದಿಲ್ಲ. ಹಿಂದೆ ಬಿಳಿ ಗೋಡೆಯೋ ಸ್ಪ್ರೂಸ್‌ನಂಥ ನಿತ್ಯಹಸಿರು ಮರವೋ ಇದ್ದರೆ ಕೆಂಪು ಎರಡು ಪಟ್ಟು ಎದ್ದು ಕಾಣುತ್ತದೆ. ಇಟ್ಟಿಗೆ ಬಣ್ಣದ ಗೋಡೆಯ ಮುಂದೆ ಕೆಂಪು ತಳಿ ಕಳೆದುಹೋಗುತ್ತದೆ, ಅಲ್ಲಿ ಹಳದಿ ತಳಿ ಹಾಕಿ. ಡ್ರೈವ್‌ವೇಯ ಹಿಮವನ್ನು ತಳ್ಳಿ ರಾಶಿ ಹಾಕುವ ಜಾಗ ಬೇಡ, ಭಾರಕ್ಕೆ ಕಡ್ಡಿ ಮುರಿಯುತ್ತದೆ. ಸೆಪ್ಟಿಕ್ ಟ್ಯಾಂಕಿನ ನೀರು ಇಂಗುವ ಪಾತಿಯ ಮೇಲೂ ಬೇಡ, ಬೇರು ನೀರನ್ನು ಹುಡುಕಿಕೊಂಡು ಕೊಳವೆಯೊಳಗೆ ಇಳಿಯುತ್ತದೆ.

ಅಂತರ: ದೊಡ್ಡ ತಳಿಗಳು ಸವರದೆ ಬಿಟ್ಟರೆ 8-10 ಅಡಿ ಎತ್ತರ, ಅಷ್ಟೇ ಅಗಲ ಬೆಳೆಯುತ್ತವೆ. ಪ್ರತಿವರ್ಷ ಸವರುವ ಮನಸ್ಸಿದ್ದರೆ ಗಿಡದಿಂದ ಗಿಡಕ್ಕೆ 5 ಅಡಿ ಸಾಕು. ಗಿಡ್ಡ ತಳಿಗಳಿಗೆ 3 ಅಡಿ. ಗೋಡೆಯಿಂದ ಕನಿಷ್ಠ 4 ಅಡಿ ಬಿಡಿ.

ನೆಡುವ ಕ್ರಮ

ಏಪ್ರಿಲ್ ಕೊನೆಯಿಂದ ಮೇ ತಿಂಗಳು ಒಳ್ಳೆಯ ಕಾಲ. ತಪ್ಪಿದರೆ ಸೆಪ್ಟೆಂಬರ್. ಅಕ್ಟೋಬರ್ ನಡುವಿನ ನಂತರ ನೆಟ್ಟರೆ ಬೇರು ಹಿಡಿಯುವ ಮೊದಲೇ ನೆಲ ಹೆಪ್ಪುಗಟ್ಟುತ್ತದೆ, ಹಿಮ ಕರಗಿ ಹೆಪ್ಪುಗಟ್ಟುವ ಆಟದಲ್ಲಿ ಗಿಡ ನೆಲದಿಂದ ಮೇಲಕ್ಕೆ ಎತ್ತಿಕೊಳ್ಳುತ್ತದೆ.

1. ಅಮೆರಿಕದಲ್ಲಿದ್ದರೆ ಗುದ್ದಲಿ ಹಿಡಿಯುವ ಕೆಲವು ದಿನ ಮೊದಲೇ 811ಕ್ಕೆ ಫೋನ್ ಮಾಡಿ. ನೆಲದಡಿಯ ಗ್ಯಾಸ್, ವಿದ್ಯುತ್ ಮಾರ್ಗಗಳನ್ನು ಬಂದು ಗುರುತು ಹಾಕುತ್ತಾರೆ, ಹಣ ಕೊಡಬೇಕಿಲ್ಲ.

2. ಕುಂಡದ ಗಿಡವಾದರೆ ಹಿಂದಿನ ರಾತ್ರಿಯೇ ನೀರು ಹಾಕಿಡಿ. ಬರೀ ಬೇರಿನ ಸಸಿಯಾದರೆ ನೆಡುವ ಮೊದಲು 2 ಗಂಟೆ ಬಕೆಟ್ಟಿನ ನೀರಿನಲ್ಲಿ ಬೇರು ಮುಳುಗಿಸಿ. ಹಲವು ಕೌಂಟಿಗಳ ಮಣ್ಣು ಮತ್ತು ನೀರು ಸಂರಕ್ಷಣಾ ಕಚೇರಿಗಳು ವಸಂತದಲ್ಲಿ ರೆಡ್ ಓಸಿಯರ್‌ನ ಇಂಥ ಸಸಿಗಳನ್ನು ಕಟ್ಟುಗಟ್ಟಲೆ ಅಗ್ಗದಲ್ಲಿ ಮಾರುತ್ತವೆ. ಉದ್ದನೆಯ ಬೇಲಿ ಸಾಲು ಬೇಕಾದವರಿಗೆ ಅದೇ ಲಾಭ.

3. ಗುಣಿಯ ಅಗಲ ಬೇರುಮುದ್ದೆಯ ಎರಡು ಮೂರು ಪಟ್ಟು ಇರಲಿ, ಆಳ ಮುದ್ದೆಯಷ್ಟೇ ಇರಲಿ. ಆಳ ಹೆಚ್ಚಾದರೆ ಮಣ್ಣು ಕುಸಿದು ಗಿಡ ತಗ್ಗಿಗೆ ಇಳಿಯುತ್ತದೆ, ಬುಡ ಕೊಳೆಯುತ್ತದೆ.

4. ಕುಂಡದಿಂದ ತೆಗೆದಾಗ ಬೇರು ಸುತ್ತಿಕೊಂಡು ಸಿಂಬೆಯಾಗಿದ್ದರೆ ಚಾಕುವಿನಿಂದ ಮೇಲಿನಿಂದ ಕೆಳಕ್ಕೆ ಮೂರು ನಾಲ್ಕು ಕಡೆ ಅರ್ಧ ಇಂಚು ಆಳ ಗೀರಿ. ಕರುಣೆ ತೋರಿಸಿ ಹಾಗೇ ನೆಟ್ಟರೆ ಬೇರು ಕುಂಡದ ಆಕಾರದಲ್ಲೇ ಸುತ್ತುತ್ತಿರುತ್ತದೆ, ಹೊರಮಣ್ಣಿಗೆ ಹೋಗುವುದೇ ಇಲ್ಲ.

5. ಮುದ್ದೆಯ ಮೇಲ್ಭಾಗ ನೆಲಮಟ್ಟಕ್ಕೆ ಸರಿಯಾಗಿರಲಿ. ಅಗೆದ ಮಣ್ಣನ್ನೇ ವಾಪಸ್ ತುಂಬಿ. ಗುಣಿಗೆ ಬರೀ ಕಾಂಪೋಸ್ಟ್ ತುಂಬಬೇಡಿ, ಜಿಗುಟು ನೆಲದಲ್ಲಿ ಅಂಥ ಗುಣಿ ಬಾಣಲೆಯಂತೆ ನೀರು ಹಿಡಿದುಕೊಳ್ಳುತ್ತದೆ. ಕಾಂಪೋಸ್ಟ್ ಮೇಲೆ ಹರಡಲು ಇಟ್ಟುಕೊಳ್ಳಿ. ರಾಸಾಯನಿಕ ಗೊಬ್ಬರ ಈಗ ಬೇಡ.

6. ಕೈಯಿಂದ ಒತ್ತಿ ಸುಮಾರು 2 ಗ್ಯಾಲನ್ ನೀರು ನಿಧಾನವಾಗಿ ಇಂಗಿಸಿ. ಮಣ್ಣು ಇಳಿದ ಕಡೆ ಇನ್ನಷ್ಟು ಮಣ್ಣು ಸೇರಿಸಿ.

7. ಗಿಡದ ಸುತ್ತ ಮೂರು ಅಡಿ ಅಗಲದ ವೃತ್ತಕ್ಕೆ 2-3 ಇಂಚು ಮರದ ಚಕ್ಕೆಯ ಹೊದಿಕೆ ಹಾಕಿ. ಕಡ್ಡಿಗಳ ಬುಡದಿಂದ 3 ಇಂಚು ದೂರವಿರಲಿ. ಬುಡಕ್ಕೆ ಗುಡ್ಡೆ ಹಾಕಿದರೆ ತೊಗಟೆ ಕೊಳೆಯುವುದಲ್ಲದೆ ಚಳಿಗಾಲದಲ್ಲಿ ಇಲಿಗಳು ಅದರೊಳಗೆ ಕೂತು ತೊಗಟೆ ತಿನ್ನುತ್ತವೆ.

ನೀರು, ಗೊಬ್ಬರ

ಮೊದಲ ವರ್ಷ ಸೋಮಾರಿತನ ಬೇಡ. ಮೊದಲ ತಿಂಗಳು ವಾರಕ್ಕೆ ಎರಡು ಸಲ, ಪ್ರತಿಸಲ 2 ಗ್ಯಾಲನ್. ಆಮೇಲೆ ಮಳೆಯನ್ನೂ ಸೇರಿಸಿ ವಾರಕ್ಕೆ ಒಂದು ಇಂಚು ನೀರು ಸಿಕ್ಕರೆ ಸಾಕು. ಬೆರಳನ್ನು ಎರಡು ಇಂಚು ಮಣ್ಣಿಗೆ ಇಳಿಸಿ ನೋಡಿ, ಒಣಗಿದ್ದರೆ ಹಾಕಿ. ಅಕ್ಟೋಬರಿನಲ್ಲಿ ಎಲೆ ಉದುರಿತೆಂದು ನೀರು ನಿಲ್ಲಿಸುವುದು ತಪ್ಪು. ನೆಲ ಹೆಪ್ಪುಗಟ್ಟುವವರೆಗೂ ಬೇರು ಕೆಲಸ ಮಾಡುತ್ತಿರುತ್ತದೆ. ಎರಡು ವರ್ಷ ದಾಟಿದ ಗಿಡಕ್ಕೆ ಎರಡು ವಾರ ಮಳೆ ಕೈಕೊಟ್ಟಾಗ ಮಾತ್ರ ನೀರು ಕೊಡಿ. ನೀರನ್ನು ಬುಡಕ್ಕೇ ಬಿಡಿ. ಲಾನಿನ ಸ್ಪ್ರಿಂಕ್ಲರ್ ದಿನಾ ಎಲೆ ತೋಯಿಸಿದರೆ ಎಲೆಚುಕ್ಕೆ ರೋಗವನ್ನು ಕರೆದು ಕೂರಿಸಿದಂತೆ.

ಗೊಬ್ಬರ ವರ್ಷಕ್ಕೊಮ್ಮೆ, ವಸಂತದಲ್ಲಿ ಒಂದು ಇಂಚು ಕಾಂಪೋಸ್ಟ್. ಬುಡ ಸವರಿದ ವರ್ಷ ಎರಡು ಇಂಚು. ಗಿಡ ತೀರಾ ಸೊರಗಿದ್ದರೆ ನಿಧಾನವಾಗಿ ಕರಗುವ 10-10-10 (ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವ) ಗೊಬ್ಬರ ಒಂದು ಹಿಡಿ, ಅದೂ ಏಪ್ರಿಲ್‌ನಲ್ಲಿ. ಜುಲೈ ನಂತರ ಸಾರಜನಕ ಕೊಟ್ಟರೆ ಎಳೆ ಚಿಗುರು ಬಲಿಯುವ ಮೊದಲೇ ಹಿಮ ಬಿದ್ದು ತುದಿ ಸಾಯುತ್ತದೆ. ಸುತ್ತಲಿನ ಲಾನಿಗೆ ಹಾಕುವ ಗೊಬ್ಬರವೂ ಬೇರಿಗೆ ತಲುಪುತ್ತದೆ, ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಸವರುವುದು

ನೆಟ್ಟ ಮೊದಲ ಎರಡು ವರ್ಷ ಮುರಿದ, ಒಣಗಿದ ಕಡ್ಡಿ ಬಿಟ್ಟು ಬೇರೇನನ್ನೂ ಮುಟ್ಟಬೇಡಿ. ಬೇರು ತುಂಬಿಕೊಳ್ಳಲು ಎಲೆ ಬೇಕು. ಮೂರನೆಯ ವಸಂತದಿಂದ ಕತ್ತರಿ.

ಕಾಲ: ಕಡು ಚಳಿ ಮುಗಿದು ಮೊಗ್ಗು ಒಡೆಯುವ ಮೊದಲು. ಷಿಕಾಗೊ, ಡೆಟ್ರಾಯಿಟ್ ಕಡೆ ಮಾರ್ಚ್, ಮಿನಿಯಾಪೊಲಿಸ್ ಕಡೆ ಮಾರ್ಚ್ ಕೊನೆ ಅಥವಾ ಏಪ್ರಿಲ್ ಮೊದಲ ವಾರ. ಶರತ್ಕಾಲದಲ್ಲಿ ಸವರಿದರೆ ಇಡೀ ಚಳಿಗಾಲದ ಬಣ್ಣವನ್ನು ಕಸದ ಚೀಲಕ್ಕೆ ಹಾಕಿದಂತೆ. ಬೇಸಿಗೆ ಕೊನೆಯಲ್ಲಿ ಸವರಿದರೆ ಬರುವ ಚಿಗುರು ಚಳಿಗೆ ಬಲಿಯಾಗುತ್ತದೆ.

ಸಲಕರಣೆ: ಬೆರಳು ದಪ್ಪದವರೆಗೆ ಸಿಕೇಚರ್ (ಒಂದು ಕೈಯಲ್ಲಿ ಹಿಡಿಯುವ ಗಿಡಗತ್ತರಿ), ಅದಕ್ಕಿಂತ ದಪ್ಪಕ್ಕೆ ಉದ್ದ ಹಿಡಿಯ ಕತ್ತರಿ ಅಥವಾ ಸಣ್ಣ ಗರಗಸ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಅಲಗನ್ನು 70 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ.

ಎರಡು ವಿಧಾನಗಳಿವೆ. ಮೊದಲನೆಯದು ಮೂರರಲ್ಲಿ ಒಂದು ಪಾಲು ತೆಗೆಯುವುದು. ಬುಡದ ಹತ್ತಿರ ಕೂತು ಕಡ್ಡಿಗಳನ್ನು ಎಣಿಸಿ. ಹದಿನೈದಿದ್ದರೆ ಅದರಲ್ಲಿ ಅತಿ ದಪ್ಪದ, ಬೂದು ತೊಗಟೆಯ ಐದನ್ನು ನೆಲದಿಂದ ಎರಡು ಇಂಚಿಗೆ ಕತ್ತರಿಸಿ. ಮುಂದಿನ ವರ್ಷ ಮತ್ತೆ ಹಳೆಯ ಐದು. ಹೀಗೆ ಪೊದೆಯಲ್ಲಿ ಮೂರು ವರ್ಷಕ್ಕಿಂತ ಹಳೆಯ ಕಡ್ಡಿಯೇ ಉಳಿಯುವುದಿಲ್ಲ, ಎತ್ತರವೂ ತಗ್ಗುವುದಿಲ್ಲ. ಎರಡನೆಯ ವರ್ಷದ ಕಡ್ಡಿಯಲ್ಲಿ ಮೇ-ಜೂನ್‌ನಲ್ಲಿ ಕೆನೆಬಣ್ಣದ ಹೂಗೊಂಚಲು, ನಂತರ ಹಕ್ಕಿಗಳು ತಿನ್ನುವ ಹಣ್ಣು (ಆಲ್ಬಾ, ಸೆರಿಸಿಯಾದಲ್ಲಿ ಬಿಳಿ) ಬರುತ್ತವೆ. ಬಿಳಿ ಪಟ್ಟಿಯ ಎಲೆಯ ತಳಿಗಳಿಗೆ, ಮರೆಗಾಗಿ ನೆಟ್ಟ ಬೇಲಿಗೆ, ಗಿಡ್ಡ ತಳಿಗಳಿಗೆ ಇದೇ ಸರಿ. ಎಲೆಯಲ್ಲಿ ಹಸಿರು ಕಡಿಮೆಯಿರುವ ಗಿಡಕ್ಕೆ ಆಹಾರ ತಯಾರಿಸುವ ಶಕ್ತಿಯೂ ಕಡಿಮೆ, ಪೂರ್ತಿ ಸವರಿದರೆ ಎದ್ದು ನಿಲ್ಲಲು ಒದ್ದಾಡುತ್ತದೆ.

ಎರಡನೆಯದು ಪೂರ್ತಿ ಬುಡ ಸವರುವುದು. ಎಲ್ಲ ಕಡ್ಡಿಗಳನ್ನೂ ನೆಲದಿಂದ 2-3 ಇಂಚು ಬಿಟ್ಟು ಕತ್ತರಿಸುವುದು. ಮೊಗ್ಗಿನ ಜೋಡಿಯಿಂದ ಕಾಲು ಇಂಚು ಮೇಲೆ ಕತ್ತರಿ ಬೀಳಲಿ. ಅದಕ್ಕಿಂತ ಉದ್ದದ ತುಂಡು ಬಿಟ್ಟರೆ ಒಣಗಿ ಹುಣ್ಣಿಗೆ ದಾರಿಯಾಗುತ್ತದೆ. ಕತ್ತರಿಸಿ ಮುಗಿಸಿದಾಗ ನೆಲದಲ್ಲಿ ಮುಷ್ಟಿಯಷ್ಟು ಕೂಳೆ ಮಾತ್ರ ಉಳಿಯುತ್ತದೆ, ನೋಡಿದರೆ ಹೊಟ್ಟೆ ಚುರ್ ಎನ್ನುತ್ತದೆ. ಹೆದರಬೇಡಿ. ಮೇ ತಿಂಗಳಲ್ಲಿ ಕೂಳೆ ಚಿಗುರುತ್ತದೆ, ಶರತ್ಕಾಲದ ಹೊತ್ತಿಗೆ 3ರಿಂದ 5 ಅಡಿಯ ನೇರ ಕಡ್ಡಿಗಳು, ಒಂದೊಂದೂ ಒಂದೇ ವರ್ಷದ್ದು, ಒಂದೊಂದೂ ಕೆಂಪು. ಆ ವರ್ಷ ಹೂ, ಹಣ್ಣು ಇರುವುದಿಲ್ಲ. ಕಾರ್ಡಿನಲ್, ಸಿಬಿರಿಕಾ, ಫ್ಲಾವಿರಾಮಿಯಾದಂಥ ಬಲವಾದ ತಳಿಗಳಿಗೆ ಎರಡು ಮೂರು ವರ್ಷಕ್ಕೊಮ್ಮೆ ಹೀಗೆ ಮಾಡಬಹುದು. ಒದ್ದೆ ನೆಲದಲ್ಲಿ ಕೊಬ್ಬಿ ಬೆಳೆಯುವ ಗಿಡವಾದರೆ ವರ್ಷವರ್ಷವೂ ಸರಿಯೇ. ಮಿಡ್‌ವಿಂಟರ್ ಫೈರ್ ನಿಧಾನದ ಗಿಡ, ಪೂರ್ತಿ ಬೇರೂರುವವರೆಗೆ ಅದಕ್ಕೆ ಇದು ಬೇಡ.

ಹಲವು ವರ್ಷ ಕತ್ತರಿ ಕಾಣದ ಹಳೆಯ ಪೊದೆಗೂ ಬುಡ ಸವರುವುದೇ ಮದ್ದು, ಗಿಡ ಆರೋಗ್ಯವಾಗಿದ್ದರೆ ಸಾಕು.

ಮಾಡಬಾರದ್ದು ಒಂದಿದೆ: ವಿದ್ಯುತ್ ಕತ್ತರಿಯಿಂದ ಚೆಂಡಿನಂತೆ, ಡಬ್ಬಿಯಂತೆ ಮೇಲ್ಮೇಲೆ ಕತ್ತರಿಸುವುದು. ಲಾನ್ ಕೆಲಸದವರಿಗೆ ವಹಿಸಿದರೆ ಬಹುಪಾಲು ಆಗುವುದೇ ಇದು. ತುದಿಯಲ್ಲಿ ಪೊರಕೆಯಂತೆ ಸಣ್ಣ ಕಡ್ಡಿ ತುಂಬಿ ಒಳಗೆ ಬೆಳಕು ಬೀಳುವುದಿಲ್ಲ, ಕೆಳಗಿನ ಮೂರಡಿ ಬರೀ ಬೂದು ಬೊಡ್ಡೆಗಳು. ಬುಡದಿಂದ ಹೊಸ ಕಡ್ಡಿ ಏಳುವುದೂ ನಿಲ್ಲುತ್ತದೆ.

ಪಟ್ಟಿ ಎಲೆಯ ತಳಿಗಳಲ್ಲಿ ಆಗಾಗ ಪೂರ್ತಿ ಹಸಿರೆಲೆಯ ಕಡ್ಡಿಯೊಂದು ಏಳುತ್ತದೆ. ಅದು ಮೂಲದ ಗುಣಕ್ಕೆ ಮರಳಿದ ಕಡ್ಡಿ, ಬೇರೆಲ್ಲಕ್ಕಿಂತ ಜೋರಾಗಿ ಬೆಳೆದು ಕೆಲವೇ ವರ್ಷದಲ್ಲಿ ಗಿಡವನ್ನೇ ನುಂಗುತ್ತದೆ. ಕಂಡ ದಿನವೇ, ಯಾವ ತಿಂಗಳಾದರೂ ಸರಿ, ಹುಟ್ಟಿದ ಜಾಗದಿಂದ ಕತ್ತರಿಸಿ. ಹಾಗೆಯೇ ಸೆರಿಸಿಯಾದ ಬಾಗಿದ ಕಡ್ಡಿ ನೆಲ ಮುಟ್ಟಿದ ಕಡೆ ಬೇರು ಬಿಟ್ಟು ಹಬ್ಬುತ್ತದೆ. ಬೇಡವಾದ ಕಡೆ ಸನಿಕೆಯಿಂದ ಕಡಿದು ತೆಗೆಯಿರಿ.

ತೊಂದರೆಗಳು

ಚಳಿಗಾಲದಲ್ಲಿ ಮೊಲ. ಕಡ್ಡಿಯನ್ನು ಚಾಕುವಿನಿಂದ ಕೊಯ್ದಂತೆ ಓರೆಯಾಗಿ ಕತ್ತರಿಸಿದ್ದರೆ ಅದು ಮೊಲದ ಕೆಲಸ. ಹರಿದು ಸೀಳಿದಂತಿದ್ದರೆ ಜಿಂಕೆ. ಎಳೆಯ ಗಿಡಕ್ಕೆ ನವೆಂಬರಿನಲ್ಲೇ 3 ಅಡಿ ಎತ್ತರದ ತಂತಿ ಬಲೆ ಸುತ್ತಿ. ಎರಡಡಿ ಸಾಲದು, ಹಿಮದ ರಾಶಿಯ ಮೇಲೆ ನಿಂತು ಮೊಲ ಮೇಲಿನದನ್ನು ತಿನ್ನುತ್ತದೆ. ಜಿಂಕೆಗೆ ಸೆರಿಸಿಯಾ ಎಂದರೆ ಪ್ರಾಣ, ವಾಸನೆಯ ಔಷಧಿ ಸಿಂಪಡಿಸುತ್ತಿರಬೇಕು, ಮಳೆ ಬಂದರೆ ಮತ್ತೆ ಸಿಂಪಡಿಸಬೇಕು.

ಬೇಸಿಗೆಯಲ್ಲಿ ಎಲೆಯ ಅಡಿ ಬಿಳಿ ಹಿಟ್ಟು ಬಳಿದಂಥ ಹುಳುಗಳು ಗುಂಪಾಗಿ ಸುರುಳಿ ಸುತ್ತಿ ಕೂತಿದ್ದರೆ ಅವು ಗರಗಸ ನೊಣದ ಮರಿಗಳು. ನೋಡಲು ಕಂಬಳಿಹುಳುವಿನಂತೆಯೇ ಇರುತ್ತವೆ, ಆದರೆ ಅಲ್ಲ. ಹಾಗಾಗಿ ಕಂಬಳಿಹುಳುವಿಗೆ ಹೊಡೆಯುವ ಬಿ.ಟಿ. (ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯಾದ) ಪುಡಿ ಇವುಗಳ ಮೇಲೆ ಕೆಲಸ ಮಾಡುವುದಿಲ್ಲ. ಸಾಬೂನು ನೀರಿನ ಬಕೆಟ್ ಕೆಳಗೆ ಹಿಡಿದು ಕಡ್ಡಿ ಅಲ್ಲಾಡಿಸಿದರೆ ಉದುರುತ್ತವೆ. ಇವು ಚಳಿಗಾಲ ಕಳೆಯುವುದು ಮೆದುವಾದ ಕೊಳೆತ ಮರದೊಳಗೆ, ಹತ್ತಿರದಲ್ಲಿ ಹಳೆಯ ಹಲಗೆಗಳ ರಾಶಿ ಇಡಬೇಡಿ.

ಎಲೆಯ ಮೇಲೆ ನೇರಳೆ ಅಂಚಿನ ಮೂಲೆಮೂಲೆಯಾದ ಚುಕ್ಕೆಗಳು ಸೆಪ್ಟೋರಿಯಾ ಶಿಲೀಂಧ್ರದವು. ಒದ್ದೆ ಬೇಸಿಗೆಯಲ್ಲಿ ಬಂದೇ ಬರುತ್ತವೆ, ಗಿಡಕ್ಕೆ ದೊಡ್ಡ ಹಾನಿಯಿಲ್ಲ. ಉದುರಿದ ಎಲೆ ಗುಡಿಸಿ ತೆಗೆದು, ಕಡ್ಡಿ ತೆಳುಗೊಳಿಸಿ ಗಾಳಿಯಾಡಲು ಬಿಟ್ಟರೆ ಸಾಕು. ಇದಕ್ಕಾಗಿ ಔಷಧಿ ಕೊಳ್ಳುವುದು ದುಡ್ಡು ದಂಡ.

ಹುಣ್ಣುರೋಗವನ್ನು ಮಾತ್ರ ಹಗುರವಾಗಿ ನೋಡಬೇಡಿ. ಕಡ್ಡಿಯ ಒಂದು ಕಡೆ ತೊಗಟೆ ಕುಳಿಬಿದ್ದು ಕಂದಾಗುತ್ತದೆ, ಅದರಿಂದ ಮೇಲಿನ ಭಾಗ ಒಣಗುತ್ತದೆ. ನೀರಿನ ಕೊರತೆ, ಸೆಕೆ, ಮುಪ್ಪು ಇದಕ್ಕೆ ಕಾರಣ. ಹುಣ್ಣಿನಿಂದ 6 ಇಂಚು ಕೆಳಗೆ ಒಣ ದಿನದಲ್ಲಿ ಕತ್ತರಿಸಿ, ಪ್ರತಿ ಕಡಿತದ ನಂತರ ಅಲಗು ಒರೆಸಿ, ಕಡ್ಡಿಯನ್ನು ಕಾಂಪೋಸ್ಟಿಗೆ ಹಾಕದೆ ಕಸಕ್ಕೆ ಕಳಿಸಿ. ಹಳೆಯ ಕಡ್ಡಿಗಳ ಮೇಲೆ ಪುಟ್ಟ ಸಿಂಪಿಯ ಚಿಪ್ಪಿನಂಥ ಬೂದು ಹಳಕುಗಳು ಅಂಟಿದ್ದರೆ ಅದು ಶಲ್ಕ ಕೀಟ. ತುಂಬ ಹತ್ತಿದ ಕಡ್ಡಿ ಬುಡಕ್ಕೆ ಕತ್ತರಿಸಿ, ಉಳಿದದ್ದಕ್ಕೆ ಮೊಗ್ಗು ಒಡೆಯುವ ಮೊದಲು ತೋಟಗಾರಿಕೆ ಎಣ್ಣೆ ಸಿಂಪಡಿಸಿ.

ಕತ್ತರಿಸಿದ ಕಡ್ಡಿಯಿಂದ ಹೊಸ ಗಿಡ

ಮಾರ್ಚ್‌ನಲ್ಲಿ ಸವರಿದ ಕಡ್ಡಿಗಳಲ್ಲಿ ಪೆನ್ಸಿಲ್ ದಪ್ಪದ, ಹಿಂದಿನ ವರ್ಷದ ಕೆಂಪು ಕಡ್ಡಿಗಳನ್ನು ಆರಿಸಿಕೊಳ್ಳಿ. 8-10 ಇಂಚು ತುಂಡು ಮಾಡಿ. ಬುಡದ ಕಡಿತ ಮೊಗ್ಗಿನ ಜೋಡಿಯ ಕೆಳಗೆ ನೇರವಾಗಿರಲಿ, ತುದಿಯ ಕಡಿತ ಓರೆಯಾಗಿರಲಿ, ನೆಡುವಾಗ ತಲೆಕೆಳಗಾಗುವುದಿಲ್ಲ. ಬೇರು ಬರಿಸುವ ಪುಡಿಯಲ್ಲಿ ಅದ್ದಿದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಮರಳು ಬೆರೆತ ಒದ್ದೆ ಮಣ್ಣಿನಲ್ಲಿ ಮೂರರಲ್ಲಿ ಎರಡು ಪಾಲು ಹೂತು, ಮೇಲೆ ಒಂದೋ ಎರಡೋ ಮೊಗ್ಗಿನ ಜೋಡಿ ಮಾತ್ರ ಕಾಣುವಂತೆ 6 ಇಂಚು ಅಂತರದಲ್ಲಿ ಸಾಲಾಗಿ ನೆಡಿ. ಮೇ ತಿಂಗಳಲ್ಲಿ ಎಲೆ ಬಂತೆಂದು ಎಳೆದು ನೋಡಬೇಡಿ. ಕಡ್ಡಿಯಲ್ಲಿ ಉಳಿದಿದ್ದ ಆಹಾರದಿಂದಲೇ ಮೊದಲ ಎಲೆ ಬರುತ್ತದೆ, ಬೇರು ಆಮೇಲೆ. ಮಣ್ಣು ಒಂದು ದಿನವೂ ಒಣಗದಂತೆ ನೋಡಿಕೊಂಡು ಮುಂದಿನ ವಸಂತದಲ್ಲಿ ಕಿತ್ತು ಬೇಕಾದ ಜಾಗಕ್ಕೆ ನೆಡಿ. ಐವರಿ ಹೇಲೋ, ಆರ್ಕ್ಟಿಕ್ ಫೈರ್‌ನಂತೆ ವ್ಯಾಪಾರದ ಹೆಸರಿನಲ್ಲಿ ಮಾರುವ ತಳಿಗಳಾದರೆ ಮೊದಲು ಚೀಟಿ ಓದಿ. ಪೇಟೆಂಟ್ ಜಾರಿಯಲ್ಲಿರುವ ತಳಿಯನ್ನು ಕಡ್ಡಿಯಿಂದ ಬೆಳೆಸುವಂತಿಲ್ಲ.

ನೆಡಲು ಬೇಡವೆಂದರೆ ಅದೇ ಕಡ್ಡಿಗಳನ್ನು ನೀರು ತುಂಬಿದ ಹೂದಾನಿಯಲ್ಲಿಟ್ಟು ಕಿಟಕಿಯ ಬಳಿ ಇಡಿ. ಎರಡು ಮೂರು ದಿನಕ್ಕೊಮ್ಮೆ ನೀರು ಬದಲಿಸಿ. ಹೊರಗೆ ಇನ್ನೂ ಹಿಮ ಇರುವಾಗಲೇ ಕೆಂಪು ಕಡ್ಡಿಯ ಮೇಲೆ ಜೋಡಿಜೋಡಿಯಾಗಿ ಎಳೆ ಹಸಿರು ಒಡೆಯುತ್ತದೆ.